ತಂತಿ ಇಲ್ಲದೆ ದೋಣಿ ನಡೆಸಿದ ನಿಕೋಲಾ ಟೆಸ್ಲಾ



ಈ ತಿಂಗಳ ಗೋಡೆ ಪತ್ರಿಕೆಗೆ ನಾನು ಒಬ್ಬ ವಿಜ್ಞಾನಿಯ ಜೀವನ ಚರಿತ್ರೆ ಬರೆದಿದ್ದೇನೆ. ಟೆಸ್ಲಾ ಅಂದ ಕೂಡಲೆ ಕೆಲವರು ಕಾರು ಅಂತಾರೆ. ಆ ಕಾರಿನ ಕಂಪನಿ ಶುರುವಾಗಿದ್ದು 2003ರಲ್ಲಿ. ಯಾರ ಹೆಸರನ್ನು ಅದಕ್ಕೆ ಇಟ್ಟರೋ ಆ ಮನುಷ್ಯ ತೀರಿಕೊಂಡು ಆಗಲೇ 60 ವರ್ಷ ಆಗಿತ್ತು. ಅವರು ಮಾಡಿದ ಎರಡು ವಸ್ತುಗಳ ಬಗ್ಗೆ ಇಲ್ಲಿ ಮುಖ್ಯವಾಗಿ ಹೇಳ್ತೀನಿ. ಒಂದು, ನಮ್ಮ ಹೊಲದ ಪಂಪ್‌ಸೆಟ್ಟಿನಲ್ಲಿ ಇರುವಂಥ ಮೋಟರು. ಇನ್ನೊಂದು, ಸುಮಾರು ನಾಲ್ಕು ಅಡಿ ಉದ್ದದ ಒಂದು ಕಬ್ಬಿಣದ ದೋಣಿ.

ಹುಟ್ಟು ಮತ್ತು ಬಾಲ್ಯ

ನಿಕೋಲಾ ಟೆಸ್ಲಾ ಅವರು 1856ನೇ ಇಸವಿ ಜುಲೈ 10ರಂದು ಸ್ಮಿಲ್ಯಾನ್ ಎಂಬ ಸಣ್ಣ ಹಳ್ಳಿಯಲ್ಲಿ ಹುಟ್ಟಿದರು. ಆ ಹಳ್ಳಿ ಆಗ ಆಸ್ಟ್ರಿಯಾ ಸಾಮ್ರಾಜ್ಯದಲ್ಲಿತ್ತು, ಈಗ ಕ್ರೊಯೇಷಿಯಾ ದೇಶದಲ್ಲಿದೆ. ಅವರದು ಸರ್ಬಿಯನ್ ಮನೆತನ. ತಂದೆ ಮಿಲುಟಿನ್ ಚರ್ಚಿನ ಪಾದ್ರಿ. ತಾಯಿ ಜೂಕಾ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಮನೆಗೆಲಸಕ್ಕೆ ಬೇಕಾದ ಉಪಕರಣಗಳನ್ನು ತಾವೇ ಯೋಚಿಸಿ ಮಾಡಿಕೊಳ್ಳುತ್ತಿದ್ದರು. ಉದ್ದುದ್ದ ಪದಗಳನ್ನು ಬಾಯಿಪಾಠ ಹೇಳುತ್ತಿದ್ದರು. ತಮ್ಮ ಬುದ್ಧಿ ತಾಯಿಯಿಂದ ಬಂದದ್ದು ಅಂತ ಟೆಸ್ಲಾ ಮುಂದೆ ನೆನೆಸಿಕೊಂಡಿದ್ದಾರೆ. ಅವರ ಅಣ್ಣ ಕುದುರೆಯ ಅಪಘಾತದಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಆ ದುಃಖ ಮನೆಯಲ್ಲಿ ಬಹಳ ದಿನ ಇತ್ತು.

ತಂದೆಗೆ ಮಗನನ್ನು ಪಾದ್ರಿ ಮಾಡುವ ಆಸೆ. ಮಗನಿಗೆ ಯಂತ್ರಗಳ ಹುಚ್ಚು. 1873ರಲ್ಲಿ ಟೆಸ್ಲಾ ಅವರಿಗೆ ಕಾಲರಾ ಬಂತು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು, ಬದುಕುವ ನಂಬಿಕೆ ಇರಲಿಲ್ಲ. ಗುಣವಾದರೆ ಇಂಜಿನಿಯರಿಂಗ್ ಓದಿಸುತ್ತೇನೆಂದು ತಂದೆ ಮಾತು ಕೊಟ್ಟರು. ಹುಡುಗ ಎದ್ದು ಕೂತ. ತಂದೆ ಮಾತು ಉಳಿಸಿಕೊಂಡರು.

ಗುರುಗಳು ಆಗದು ಅಂದ ಕೆಲಸ

1875ರಲ್ಲಿ ಗ್ರಾಜ್ ಎಂಬ ಊರಿನ ಕಾಲೇಜಿಗೆ ಸೇರಿದರು. ಅಲ್ಲಿ ಒಂದು ದಿನ ಪಾಠದಲ್ಲಿ ವಿದ್ಯುತ್ ಯಂತ್ರವೊಂದನ್ನು ಓಡಿಸಿ ತೋರಿಸಿದರು. ಅದರ ಬ್ರಶ್ಶುಗಳ ಹತ್ತಿರ ಕಿಡಿ ಹಾರುತ್ತಿತ್ತು. ಮಿಕ್ಸಿ ತಿರುಗುವಾಗ ಅದರ ಒಳಗೆ ನೀಲಿ ಕಿಡಿ ಕಾಣುತ್ತಲ್ಲ, ಅದೇ ತರಹ. ಬ್ರಶ್ಶೇ ಇಲ್ಲದ ಮೋಟರು ಮಾಡಬಹುದಲ್ಲ ಅಂತ ಟೆಸ್ಲಾ ಕೇಳಿದರು. ಅದು ಆಗದ ಕೆಲಸ ಎಂದು ಪ್ರೊಫೆಸರು ತರಗತಿಯಲ್ಲೇ ವಿವರಿಸಿದರು. ಟೆಸ್ಲಾ ಎದುರು ವಾದ ಮಾಡಲಿಲ್ಲ, ಆದರೆ ಆ ವಿಚಾರ ಬಿಡಲೂ ಇಲ್ಲ. ಕಾಲೇಜು ಅರ್ಧಕ್ಕೆ ನಿಂತಿತು. ಡಿಗ್ರಿ ಸಿಗಲಿಲ್ಲ.

1882ರಲ್ಲಿ ಬುಡಾಪೆಸ್ಟ್ ನಗರದ ಉದ್ಯಾನದಲ್ಲಿ ಗೆಳೆಯನ ಜೊತೆ ನಡೆಯುತ್ತಿದ್ದಾಗ ಉತ್ತರ ಹೊಳೆಯಿತು. ಕೋಲಿನಿಂದ ಮಣ್ಣಿನ ಮೇಲೆ ಚಿತ್ರ ಬರೆದು ಗೆಳೆಯನಿಗೆ ತೋರಿಸಿದರು. ಅದರ ಹೆಸರು ಸುತ್ತುವ ಕಾಂತಕ್ಷೇತ್ರ. ಅರ್ಥ ಆಗೋ ಹಾಗೆ ಹೇಳ್ತೀನಿ. ಒಂದು ರಾಟೆಯ ಸುತ್ತ ಮೂರು ಜನ ನಿಂತಿದ್ದಾರೆ ಅಂದ್ಕೊಳ್ಳಿ. ಮೂವರೂ ಒಟ್ಟಿಗೆ ಎಳೆದರೆ ರಾಟೆ ತಿರುಗಲ್ಲ. ಒಬ್ಬರಾದ ಮೇಲೆ ಒಬ್ಬರು ಸರದಿ ಪ್ರಕಾರ ಎಳೆದರೆ ಗಿರಗಿರ ತಿರುಗುತ್ತದೆ. ಮೋಟರಿನಲ್ಲಿ ತಂತಿಯ ಸುರುಳಿಗಳು ಹೀಗೇ ಸರದಿ ಪ್ರಕಾರ ಎಳೆಯುತ್ತವೆ. ಟೆಸ್ಲಾ ಮೊದಲು ಮಾಡಿದ್ದು ಎರಡು ಫೇಸಿನದು. ಮೂರು ಫೇಸಿಗೆ ಮೂರು ಸರದಿ. ನಮ್ಮ ರೈತರು ಕಾಯುವ ತ್ರೀಫೇಸ್ ಇದೇ. ಇಟಲಿಯ ಫೆರಾರಿಸ್ ಎಂಬ ವಿಜ್ಞಾನಿಯೂ ಬೇರೆಯಾಗಿ ಇದೇ ತತ್ವ ಕಂಡುಹಿಡಿದಿದ್ದರು.

ನಮ್ಮ ಸೋದರಮಾವ ಸಿರುಗುಪ್ಪದಲ್ಲಿ ಮೋಟರ್ ವೈಂಡಿಂಗ್ ಮಾಡ್ತಾರೆ. ಸುಟ್ಟುಹೋದ ಮೋಟರು ಬಿಚ್ಚಿದಾಗ ನಾನು ನೋಡಿದ್ದೇನೆ. ತಾಮ್ರದ ಸುರುಳಿ ಎಲ್ಲಾ ಹೊರಗಿನ ಭಾಗದಲ್ಲಿ ಇರುತ್ತದೆ. ಒಳಗೆ ತಿರುಗುವ ಭಾಗಕ್ಕೆ ಒಂದು ವೈರೂ ಹೋಗಿರಲ್ಲ, ಬ್ರಶ್ಶೂ ಇರಲ್ಲ. ಪ್ರೊಫೆಸರು ಆಗದು ಅಂದದ್ದು ಇದನ್ನೇ.

ಅಮೆರಿಕಾಕ್ಕೆ ಪ್ರಯಾಣ

1884ರಲ್ಲಿ ಟೆಸ್ಲಾ ನ್ಯೂಯಾರ್ಕಿಗೆ ಬಂದಿಳಿದಾಗ ಅವರ ಜೇಬಿನಲ್ಲಿ ನಾಲ್ಕೇ ಸೆಂಟು ಇತ್ತಂತೆ. ಎಡಿಸನ್ ಅವರ ಕಂಪನಿಯಲ್ಲಿ ಸುಮಾರು ಆರು ತಿಂಗಳು ದುಡಿದು ಬಿಟ್ಟರು. ಆಮೇಲೆ ಕೆಲಸ ಸಿಗದೆ ದಿನಕ್ಕೆ ಎರಡು ಡಾಲರ್ ಕೂಲಿಗೆ ಗುಂಡಿ ತೋಡಿದರು. ನೆನಪಿಡಿ, ಜಗತ್ತಿನ ಮೋಟರಿನ ಚಿತ್ರ ತಲೆಯಲ್ಲಿ ಇಟ್ಟುಕೊಂಡೇ ಅವರು ಗುದ್ದಲಿ ಹಿಡಿದಿದ್ದರು.

1888ರ ಮೇ 1ರಂದು ಅವರ ಮೋಟರಿಗೆ ಪೇಟೆಂಟ್ ಸಿಕ್ಕಿತು. ಪೇಟೆಂಟ್ ಅಂದರೆ ಈ ಶೋಧನೆ ಇವರದೇ ಎಂದು ಸರ್ಕಾರ ಕೊಡುವ ಹಕ್ಕುಪತ್ರ. ವೆಸ್ಟಿಂಗ್‌ಹೌಸ್ ಎಂಬ ಉದ್ಯಮಿ ಅದನ್ನು ಕೊಂಡರು. 1893ರಲ್ಲಿ ಚಿಕಾಗೋ ಮೇಳಕ್ಕೆ ಇದೇ ಪರ್ಯಾಯ ವಿದ್ಯುತ್ತಿನಿಂದ ದೀಪ ಹಾಕಿದರು. 1896ರಲ್ಲಿ ನಯಾಗರಾ ಜಲಪಾತದ ವಿದ್ಯುತ್ತು ಬಫಲೋ ನಗರಕ್ಕೆ ಹರಿಯಿತು. ಅದಾದ ಆರೇ ವರ್ಷಕ್ಕೆ, 1902ರಲ್ಲಿ, ನಮ್ಮ ಕರ್ನಾಟಕದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿ.ಮೀ. ದೂರ ತಂತಿಯಲ್ಲಿ ವಿದ್ಯುತ್ತು ಹೋಯಿತು. ಅದೂ ಪರ್ಯಾಯ ವಿದ್ಯುತ್ತೇ. ನಮ್ಮ ತುಂಗಭದ್ರಾ ಅಣೆಕಟ್ಟಿನ ವಿದ್ಯುತ್ತೂ ಅದೇ ಜಾತಿ.

1896ರಲ್ಲಿ ನ್ಯೂಯಾರ್ಕಿನಲ್ಲಿ ಸ್ವಾಮಿ ವಿವೇಕಾನಂದರು ಟೆಸ್ಲಾ ಅವರನ್ನು ಭೇಟಿಯಾಗಿದ್ದರು. ಇದನ್ನು ಓದಿ ನನಗೆ ಬಹಳ ಸಂತೋಷ ಆಯ್ತು.

ದೋಣಿಯ ಕಥೆ

1895ರ ಮಾರ್ಚಿಯಲ್ಲಿ ಟೆಸ್ಲಾ ಅವರ ಪ್ರಯೋಗಶಾಲೆ ಬೆಂಕಿ ಬಿದ್ದು ಬೂದಿಯಾಯಿತು. ಅವರು ಮತ್ತೆ ಮೊದಲಿನಿಂದ ಕಟ್ಟಿದರು. ಅದೇ ಸುಮಾರಿಗೆ ಕಲ್ಕತ್ತೆಯಲ್ಲಿ ಜಗದೀಶ ಚಂದ್ರ ಬೋಸರು ಕಣ್ಣಿಗೆ ಕಾಣದ ತರಂಗದಿಂದ ದೂರದ ಗಂಟೆ ಬಾರಿಸಿ ತೋರಿಸಿದ್ದರು. ಟೆಸ್ಲಾ ಅವರ ಯೋಚನೆ ಗಂಟೆಯಿಂದ ಮುಂದಕ್ಕೆ ಹೋಯಿತು. ತರಂಗದಿಂದ ಯಂತ್ರಕ್ಕೆ ಹುಕುಂ ಕೊಟ್ಟು ಕೆಲಸ ಮಾಡಿಸಬಹುದೇ ಎಂಬುದು ಅವರ ಪ್ರಶ್ನೆ.

1898ರಲ್ಲಿ ಉತ್ತರ ಸಿದ್ಧವಾಯಿತು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂಬ ದೊಡ್ಡ ಸಭಾಂಗಣದಲ್ಲಿ ನೀರು ತುಂಬಿಸಿ ದೋಣಿ ಬಿಟ್ಟರೆಂದು ಪುಸ್ತಕಗಳಲ್ಲಿ ಹೇಳುತ್ತಾರೆ. ಅದರಲ್ಲಿ ಅಂಬಿಗನಿಲ್ಲ, ಹುಟ್ಟಿಲ್ಲ, ಹಗ್ಗವಿಲ್ಲ. ಟೆಸ್ಲಾ ದೂರದಲ್ಲಿ ನಿಂತು ಪೆಟ್ಟಿಗೆಯ ಹಿಡಿ ತಿರುಗಿಸಿದರೆ ದೋಣಿ ಎಡಕ್ಕೆ, ಬಲಕ್ಕೆ ಹೊರಳುತ್ತಿತ್ತು, ನಿಲ್ಲುತ್ತಿತ್ತು, ದೀಪ ಮಿಣುಕಿಸುತ್ತಿತ್ತು. ನೋಡಿದವರು ಕೆಲವರು ಇದು ಮಾಟ ಅಂದರು. ಕೆಲವರು ಒಳಗೆ ಪಳಗಿಸಿದ ಕೋತಿ ಕೂಡಿಸಿದ್ದಾರೆ ಅಂದರು. 64ರ ಘನಮೂಲ ಎಷ್ಟು ಅಂತ ಕೇಳಿದ್ದಕ್ಕೆ ದೋಣಿಯ ದೀಪ ನಾಲ್ಕು ಸಲ ಮಿಣುಕಿತಂತೆ. ಲೆಕ್ಕ ಮಾಡಿದ್ದು ದೋಣಿಯಲ್ಲ, ಟೆಸ್ಲಾ!

ಅದರ ಒಳಗೆ ಇದ್ದದ್ದು ಇಷ್ಟು. ಮೇಲೆ ತರಂಗ ಹಿಡಿಯುವ ಕಂಬಿ. ಕೆಳಗೆ ಲೋಹದ ಪುಡಿ ತುಂಬಿದ ಸಣ್ಣ ಡಬ್ಬಿ. ತರಂಗ ಬಂದಾಗ ಪುಡಿಯ ಕಣಗಳು ಒಂದಕ್ಕೊಂದು ಅಂಟಿ ವಿದ್ಯುತ್ತಿಗೆ ದಾರಿ ಬಿಡುತ್ತವೆ. ಆ ಸಣ್ಣ ವಿದ್ಯುತ್ತು ರಿಲೇ ಎಂಬ ಸ್ವಿಚ್ಚನ್ನು ಎಳೆಯುತ್ತದೆ. ರಿಲೇ ಬ್ಯಾಟರಿಯ ದೊಡ್ಡ ವಿದ್ಯುತ್ತನ್ನು ಮೋಟರಿಗೆ ಬಿಡುತ್ತದೆ. ಕೂಡಲೆ ಡಬ್ಬಿ ಮಗುಚಿ ಪುಡಿ ಸಡಿಲವಾಗುತ್ತದೆ, ಮುಂದಿನ ಹುಕುಮಿಗೆ ತಯಾರು. ಹಿಂದೆ ಒಂದು ಚುಕ್ಕಾಣಿ, ಒಂದು ಪಂಖ. ಮಾಟವೂ ಇಲ್ಲ, ಕೋತಿಯೂ ಇಲ್ಲ.

ಪೇಟೆಂಟ್ ಕಚೇರಿಯ ಮುಖ್ಯ ಪರೀಕ್ಷಕರಿಗೂ ನಂಬಿಕೆ ಬರಲಿಲ್ಲವಂತೆ. ಅವರೇ ನ್ಯೂಯಾರ್ಕಿಗೆ ಬಂದು ಕಣ್ಣಾರೆ ನೋಡಿದರು. 1898ರ ನವೆಂಬರ್ 8ರಂದು ಪೇಟೆಂಟ್ ಕೊಟ್ಟರು. ಅದರ ಸಂಖ್ಯೆ 613809.

ಮಾವ ಕಟ್ಟಿದ ಟಗ್ ದೋಣಿ

ಇದೆಲ್ಲ ನನಗೆ ತಿಳಿದದ್ದು ಮಾವನಿಂದ. ಅವರು ಬಳ್ಳಾರಿಗೆ ಪಾರ್ಸೆಲ್ ತರಿಸಿ ಒಂದು ರಿಮೋಟ್ ದೋಣಿಯ ಕಿಟ್ ಕಟ್ಟಿದರು. ಅದು ಟಗ್ ದೋಣಿಯ ಮಾದರಿ. ಟಗ್ ಅಂದರೆ ಬಂದರಿನಲ್ಲಿ ದೊಡ್ಡ ಹಡಗನ್ನು ಎಳೆದು, ನೂಕಿ ದಡಕ್ಕೆ ತರುವ ಗಿಡ್ಡ ದೋಣಿ. ಮಂಗಳೂರು ಬಂದರಿನಲ್ಲಿ ಇವೆ. ಗಾತ್ರ ಸಣ್ಣದು, ಬಲ ಎತ್ತಿನದು. ಮಾದರಿ 1:50 ಅಳತೆಯದು. ಅಂದರೆ 30 ಮೀಟರ್ ಟಗ್ಗು 60 ಸೆಂಟಿಮೀಟರ್ ಆಗುತ್ತದೆ.

ಭಾನುವಾರ ಭಾನುವಾರ ಕೂತು ಕಟ್ಟಿದೆವು. ಮೊದಲು ಒಡಲು, ಆಮೇಲೆ ಪಂಖದ ಕಡ್ಡಿ ಹೋಗುವ ಕೊಳವೆ. ನೀರು ಒಳಗೆ ಬಾರದಂತೆ ಕೊಳವೆಗೆ ಗ್ರೀಸ್ ತುಂಬಿದರು. ಖಾಲಿ ದೋಣಿ ನೀರಿನ ಮೇಲೆ ಬೆಂಡಿನ ಹಾಗೆ ಓಲಾಡುತ್ತದೆ. ಆದ್ದರಿಂದ ತಳದಲ್ಲಿ ಸೀಸದ ತುಂಡು ಒಂದೊಂದೇ ಇಟ್ಟು, ಬಣ್ಣದ ಗೆರೆಯ ತನಕ ಮುಳುಗಿಸಿದರು. ನಿಜವಾದ ಟಗ್ಗಿನ ಸುತ್ತ ಹಳೇ ಟೈರು ಕಟ್ಟಿರುತ್ತಾರೆ, ಹಡಗಿಗೆ ತಾಗಿದರೆ ಪೆಟ್ಟಾಗದಿರಲಿ ಅಂತ. ಅದಕ್ಕೆ ನಾನು ತೆಳುವಾದ ರಬ್ಬರ್ ಕೊಳವೆಯನ್ನು ಬಳೆಬಳೆಯಾಗಿ ಕತ್ತರಿಸಿ ಕೊಟ್ಟೆ. ಹಗ್ಗಕ್ಕೆ ಚಾದಲ್ಲಿ ಅದ್ದಿದ ಹತ್ತಿ ದಾರ. ಹೊಸ ದೋಣಿ ದುಡಿದ ದೋಣಿಯ ಹಾಗೆ ಕಾಣಲಿ ಅಂತ ತುಕ್ಕಿನ ಬಣ್ಣವನ್ನೂ ಹಚ್ಚಿದರು.

ಕೃಷಿ ಹೊಂಡದಲ್ಲಿ ಬಿಟ್ಟಾಗ ದೋಣಿ ಠೀವಿಯಿಂದ ಹೊರಟಿತು. ಲೋಹದ ಪುಡಿಯ ಡಬ್ಬಿ ಇದ್ದ ಜಾಗದಲ್ಲಿ ಈಗ ಬೆಂಕಿಪೊಟ್ಟಣದಷ್ಟು ರಿಸೀವರ್ ಇದೆ. ಚುಕ್ಕಾಣಿಗೆ ಸರ್ವೋ ಎಂಬ ಪುಟ್ಟ ಮೋಟರು. ಉಳಿದಂತೆ ಎಲ್ಲಾ ಟೆಸ್ಲಾ ದೋಣಿಯದೇ ಕ್ರಮ. ಬೇರೆಯವರ ಹುಕುಮಿಗೆ ಯಂತ್ರ ಓಗೊಡಬಾರದು, ಎರಡು ತರಂಗ ಕೂಡಿ ಬಂದರೆ ಮಾತ್ರ ಕೇಳಬೇಕು ಎಂಬ ಉಪಾಯಕ್ಕೂ ಟೆಸ್ಲಾ 1903ರಲ್ಲಿ ಪೇಟೆಂಟ್ ಪಡೆದಿದ್ದರು.

ನಕ್ಕವರು ಮತ್ತು ಕೊನೆಯ ದಿನಗಳು

ಇಂಥ ದೋಣಿಯನ್ನು ಟೆಸ್ಲಾ ಸರ್ಕಾರಕ್ಕೆ ಕೊಡಲು ಹೋದರು. ವಾಷಿಂಗ್ಟನ್ನಿನ ಅಧಿಕಾರಿಯೊಬ್ಬರು ಕೇಳಿ ನಕ್ಕುಬಿಟ್ಟರು ಎಂದು ಅವರೇ ಬರೆದುಕೊಂಡಿದ್ದಾರೆ. ಮನುಷ್ಯರ ಬದಲು ಯಂತ್ರಗಳು ಹೋರಾಡಿದರೆ ಯುದ್ಧವೇ ನಿಲ್ಲುತ್ತದೆ ಎಂದು ಟೆಸ್ಲಾ ನಂಬಿದ್ದರು. ಅದು ಮಾತ್ರ ಸುಳ್ಳಾಯಿತು. ಈಗ ದೂರದಿಂದ ನಡೆಸುವ ಡ್ರೋನುಗಳಿವೆ, ಯುದ್ಧವೂ ಇದೆ.

1901ರಲ್ಲಿ ತಂತಿ ಇಲ್ಲದೆ ಸುದ್ದಿ ಮತ್ತು ವಿದ್ಯುತ್ತು ಕಳಿಸಲು ದೊಡ್ಡ ಗೋಪುರ ಕಟ್ಟಲು ಶುರು ಮಾಡಿದರು. ದುಡ್ಡು ಕೊಟ್ಟವರು ಮುಂದೆ ಕೊಡಲಿಲ್ಲ. 1917ರಲ್ಲಿ ಗೋಪುರ ಕೆಡವಿದರು. ರೇಡಿಯೋ ಕೆಲಸಕ್ಕೆ 1909ರಲ್ಲಿ ನೊಬೆಲ್ ಬಂದದ್ದು ಮಾರ್ಕೋನಿ ಮತ್ತು ಬ್ರೌನ್ ಅವರಿಗೆ. ಟೆಸ್ಲಾ ಮದುವೆ ಆಗಲಿಲ್ಲ. ಕೊನೆಗಾಲದಲ್ಲಿ ಹೋಟೆಲ್ ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು, ಪಾರಿವಾಳಗಳಿಗೆ ಕಾಳು ಹಾಕುತ್ತಿದ್ದರು. 1943ರ ಜನವರಿ 7ರಂದು, 86ನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ಹೋಟೆಲಿನಲ್ಲೇ ತೀರಿಕೊಂಡರು. ಕೈಯಲ್ಲಿ ಆಸ್ತಿ ಇರಲಿಲ್ಲ.

1960ರಲ್ಲಿ ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನಕ್ಕೆ ಟೆಸ್ಲಾ ಎಂದು ಹೆಸರಿಟ್ಟರು. ಬಳ್ಳಾರಿಗೆ ಹೋದಾಗ ಎಂಆರ್‌ಐ ಸ್ಕ್ಯಾನಿಂಗ್ ಬೋರ್ಡು ಕಂಡರೆ ನೋಡಿ. 1.5 ಟೆಸ್ಲಾ ಅಂತ ಬರೆದಿದ್ದರೆ ಅದು ಇವರದೇ ಹೆಸರು.

ನಮಗೆ ಇದರಿಂದ ಏನು?

ದೋಣಿ ಆಟದ ಸಾಮಾನು, ನಮಗ್ಯಾಕೆ ಅಂತ ನೀವು ಕೇಳಬಹುದು. ನಮ್ಮ ಕಡೆ ಪಂಪ್‌ಸೆಟ್ಟಿಗೆ ತ್ರೀಫೇಸ್ ಬರೋದು ಪಾಳಿ ಪ್ರಕಾರ. ರಾತ್ರಿ ಪಾಳಿ ಬಂದರೆ ನಮ್ಮಪ್ಪ ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಹೊಲಕ್ಕೆ ಹೋಗ್ತಾರೆ. ಬದುವಿನ ಮೇಲೆ ಹಾವು ಇರ್ತಾವೆ. ಅಪ್ಪ ವಾಪಸು ಬರೋ ತನಕ ಅವ್ವ ಮಲಗಲ್ಲ. ನಿಮ್ಮ ಮನೆಗಳಲ್ಲೂ ಇದೇ ಇರಬಹುದು.

ಈಗ ಕೆಲವು ಹೊಲಗಳಲ್ಲಿ ಮೊಬೈಲ್ ಸ್ಟಾರ್ಟರ್ ಬಂದಿದೆ. ಮನೆಯಿಂದ ಫೋನ್ ಮಾಡಿದರೆ ಸಾಕು, ಸಿಮ್ ಹಾಕಿದ ಡಬ್ಬಿ ತರಂಗ ಹಿಡಿಯುತ್ತದೆ, ರಿಲೇ ಎಳೆಯುತ್ತದೆ, ಮೋಟರು ಶುರುವಾಗುತ್ತದೆ. ಮೇಲೆ ಬರೆದ ದೋಣಿಯ ಹೊಟ್ಟೆಯನ್ನು ಇನ್ನೊಮ್ಮೆ ಓದಿ ನೋಡಿ. ತರಂಗ, ರಿಲೇ, ಮೋಟರು. ಅದೇ ಸರಪಳಿ! ಟೆಸ್ಲಾ ಅವರ 1888ರ ಮೋಟರು ಮತ್ತು 1898ರ ದೋಣಿ ಎರಡೂ ನಮ್ಮ ಹೊಲದ ಡಬ್ಬಿಯಲ್ಲಿ ಒಂದಾಗಿವೆ. ಆ ಅಧಿಕಾರಿ ನಕ್ಕ ವಸ್ತು ಈಗ ಒಬ್ಬ ರೈತನನ್ನು ಕತ್ತಲಲ್ಲಿ ಹಾವು ತುಳಿಯದಂತೆ ಕಾಯುತ್ತಿದೆ.

ಆದ್ದರಿಂದ ಗೆಳೆಯರೇ, ಯಾರಾದರೂ ಏನಾದರೂ ಬಿಚ್ಚಿ ಜೋಡಿಸುತ್ತಾ ಕೂತಿದ್ದರೆ ನಗಬೇಡಿ. ಹತ್ತಿರ ಹೋಗಿ ಕೇಳಿ. ಅರ್ಥವಾಗದ್ದನ್ನು ಮಾಟ ಅಂದು ಸುಮ್ಮನಾಗಬೇಡಿ, ಒಳಗೆ ಏನಿದೆ ನೋಡಿ.

ನಿಮಗೊಂದು ಪ್ರಶ್ನೆ: ಮಿಕ್ಸಿಯಲ್ಲಿ ಕಿಡಿ ಕಾಣುತ್ತದೆ, ಪಂಪ್‌ಸೆಟ್ಟಿನ ಮೋಟರಿನಲ್ಲಿ ಕಾಣುವುದಿಲ್ಲ, ಯಾಕೆ? ಉತ್ತರ ಇದೇ ಲೇಖನದಲ್ಲಿದೆ. ಗೊತ್ತಾದವರು ಪಕ್ಕದ ಖಾಲಿ ಹಾಳೆಯಲ್ಲಿ ಹೆಸರಿನ ಜೊತೆ ಬರೆಯಿರಿ.

– 7ನೇ ತರಗತಿ ವಿದ್ಯಾರ್ಥಿ