ಡಗ್ಲಸ್ ಎಂಗೆಲ್ಬಾರ್ಟನ ಜೀವಿತ ವೃತ್ತಾಂತ

ಪಾಠಶಾಲೆಯ ಗಣಕಯಂತ್ರದ ಕೊಠಡಿಯನ್ನು ಹೊಕ್ಕ ಹೊಸ ಬಾಲಿಕೆಯು ಮೊದಲು ಕೈಯಿಡುವುದು ಮೌಸೆಂಬ ಆ ಚಿಕ್ಕ ಉಪಕರಣದ ಮೇಲೆ. ಅದನ್ನು ಮೇಜಿನ ಮೇಲೆ ಸರಿಸಿದತ್ತ ಪರದೆಯ ಮೇಲಿನ ಬಾಣದ ಗುರುತೂ ಸರಿಯುವುದು. ಗುಂಡಿಯನ್ನು ಒತ್ತಿದರೆ ಒಂದು ಕಿಟಕಿ ತೆರೆಯುವುದು, ಅದರ ಮೇಲೆ ಮತ್ತೊಂದು. ಬೇಡವಾದುದನ್ನು ಮುಚ್ಚಬಹುದು, ಬೇಕಾದುದನ್ನು ಎಳೆದು ಪಕ್ಕಕ್ಕಿಡಬಹುದು. ಹತ್ತು ನಿಮಿಷಗಳೊಳಗೆ ಆ ಹುಡುಗಿಗೆ ಇದು ಬಾವಿಯಿಂದ ನೀರು ಸೇದುವಷ್ಟು ಸಹಜವಾಗಿಬಿಡುವುದು. ಈಗ ನಮ್ಮಲ್ಲಿ ಅನೇಕರು ಅಂಗೈಯ ದೂರವಾಣಿಯ ಗಾಜನ್ನೇ ಬೆರಳಿನಿಂದ ಸವರಿ ಕೆಲಸ ಸಾಗಿಸುತ್ತೇವಾದರೂ, ಬ್ಯಾಂಕು ಕಛೇರಿಗಳ ಮೇಜುಗಳಿಂದ ಮೌಸು ಇನ್ನೂ ಇಳಿದಿಲ್ಲ. ಇದನ್ನು ಮೊದಲು ಯೋಚಿಸಿದವನು ಯಾರೆಂದು ವಿಚಾರಿಸುವವರು ವಿರಳ. ವಿಚಾರಿಸಿದವರಿಗೂ ಎಂಗೆಲ್ಬಾರ್ಟನೆಂಬವನು ಮೌಸನ್ನು ಕಂಡುಹಿಡಿದನು ಎಂಬ ಒಂದೇ ಮಾತು ಸಿಗುತ್ತದೆ. ಆ ಒಂದು ಮಾತಿನಿಂದ ಆತನಿಗೆ ಕೀರ್ತಿಯೂ ಬಂತು, ಅನ್ಯಾಯವೂ ಆಯಿತೆಂದು ನಾವು ಭಾವಿಸುತ್ತೇವೆ. ಆದಕಾರಣ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಆತನ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ತಿಳಿಸಲು ಇಚ್ಛಿಸಿದ್ದೇವೆ.

ಡಗ್ಲಸ್ ಕಾರ್ಲ್ ಎಂಗೆಲ್ಬಾರ್ಟನು 1925ನೆಯ ಇಸವಿ ಜನವರಿ 30ನೆಯ ತಾರೀಖಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಒರಿಗಾನ್ ಪ್ರಾಂತಕ್ಕೆ ಸೇರಿದ ಪೋರ್ಟ್‌ಲೆಂಡ್ ಪಟ್ಟಣದಲ್ಲಿ ಜನಿಸಿದನು. ಮೂವರು ಮಕ್ಕಳಲ್ಲಿ ಈತನು ನಡುವಿನವನು. ಒಬ್ಬಳು ಅಕ್ಕ, ಒಬ್ಬನು ತಮ್ಮ. ತಂದೆಯು ರೇಡಿಯೋ ಅಂಗಡಿಯನ್ನಿಟ್ಟುಕೊಂಡಿದ್ದನು. ಡಗ್ಲಸನಿಗೆ ಒಂಬತ್ತು ವರ್ಷವಾಗಿದ್ದಾಗ ಆ ತಂದೆಯು ತೀರಿಕೊಂಡನು. ಅಮೆರಿಕದಲ್ಲಿ ವ್ಯಾಪಾರವು ಕುಸಿದು, ಜನರು ಕೆಲಸವಿಲ್ಲದೆ ಕಂಗೆಟ್ಟಿದ್ದ ಕಾಲವದು. ಊರ ಹೊರಗಿನ ಹಳ್ಳಿಗಾಡಿನ ಮನೆಯಲ್ಲಿ ತಾಯಿಯೊಬ್ಬಳೇ ಮೂವರನ್ನೂ ಸಾಕಿ ಓದಿಸಿದಳು. ಹುಡುಗನು 1942ರಲ್ಲಿ ಹೈಸ್ಕೂಲನ್ನು ಮುಗಿಸಿ, ಒರಿಗಾನ್ ಸ್ಟೇಟ್ ಕಾಲೇಜಿನಲ್ಲಿ ವಿದ್ಯುತ್ ಇಂಜಿನಿಯರಿಂಗ್ ಕಲಿಯಲು ಸೇರಿದನು. ಎರಡನೆಯ ಮಹಾಯುದ್ಧವು ಆ ಓದನ್ನು ಮಧ್ಯದಲ್ಲಿಯೇ ನಿಲ್ಲಿಸಿತು. ನೌಕಾದಳದವರು ಆತನಿಗೆ ರೇಡಾರ್ ಯಂತ್ರದ ಕೆಲಸವನ್ನು ಕಲಿಸಿ ಫಿಲಿಪೈನ್ಸ್ ದ್ವೀಪಗಳಿಗೆ ಕಳುಹಿಸಿದರು. ಹಡಗು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯನ್ನು ದಾಟುತ್ತಿರುವಾಗಲೇ ಜಪಾನು ಶರಣಾದ ಸುದ್ದಿ ಬಂತು. ಹಡಗಿನಲ್ಲಿದ್ದ ಹುಡುಗರೆಲ್ಲರೂ ಹಿಂದಿರುಗಿಸಿರೆಂದು ಕೂಗಿಕೊಂಡರೂ ಹಡಗು ಹಿಂದಿರುಗಲಿಲ್ಲ.

ಹೀಗೆ ಯುದ್ಧವಿಲ್ಲದ ಯುದ್ಧಭೂಮಿಗೆ ಹೋದ ಆ ಯುವಕನಿಗೆ ಓದಲು ಬೇಕಾದಷ್ಟು ಹೊತ್ತು ಸಿಕ್ಕಿತು. ಲೇಟೆ ಎಂಬ ದ್ವೀಪದಲ್ಲಿ ಕಂಬಗಳ ಮೇಲೆ ಕಟ್ಟಿದ ಹುಲ್ಲು ಮಾಡಿನ ಗುಡಿಸಲೊಂದನ್ನು ರೆಡ್‌ಕ್ರಾಸ್ ಸಂಘದವರು ವಾಚನಾಲಯವನ್ನಾಗಿ ಮಾಡಿದ್ದರು. ಅಲ್ಲಿ ಆತನು ವಾನೆವಾರ್ ಬುಷ್ ಎಂಬ ವಿಜ್ಞಾನಿಯು 1945ರಲ್ಲಿ ಬರೆದಿದ್ದ ಒಂದು ಪ್ರಬಂಧವನ್ನು ಓದಿದನು. ಮನುಷ್ಯನ ಜ್ಞಾನವು ಬೆಟ್ಟದಷ್ಟು ಬೆಳೆದಿದೆ, ಬೇಕಾದುದನ್ನು ಬೇಕಾದಾಗ ಹುಡುಕಿ ತೆಗೆಯುವ ಉಪಾಯ ಮಾತ್ರ ಬೆಳೆದಿಲ್ಲ, ಆದುದರಿಂದ ಗ್ರಂಥಗಳನ್ನೆಲ್ಲ ಚಿಕ್ಕ ಫಿಲ್ಮುಗಳಲ್ಲಿ ಅಡಗಿಸಿಟ್ಟುಕೊಂಡು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿ ಓದಿಸುವ ಒಂದು ಮೇಜು ಬೇಕು, ಎಂಬುದು ಆ ಪ್ರಬಂಧದ ಸಾರ. ಬೀಜವು ಬಿತ್ತು, ಆದರೆ ಕೂಡಲೇ ಮೊಳೆಯಲಿಲ್ಲ.

ಊರಿಗೆ ಮರಳಿ 1948ರಲ್ಲಿ ಪದವಿಯನ್ನು ಪಡೆದ ಎಂಗೆಲ್ಬಾರ್ಟನು ಕ್ಯಾಲಿಫೋರ್ನಿಯದ ಏಮ್ಸ್ ಪ್ರಯೋಗಶಾಲೆಯಲ್ಲಿ ಉದ್ಯೋಗಕ್ಕೆ ಸೇರಿದನು. ಅಲ್ಲಿ ವಿಮಾನಗಳ ಪರೀಕ್ಷೆಗಾಗಿ ದೊಡ್ಡ ಗಾಳಿಯ ಸುರಂಗಗಳಿದ್ದವು. ಸಂಬಳ ಚೆನ್ನಾಗಿತ್ತು. 1950ರ ಡಿಸೆಂಬರಿನಲ್ಲಿ ಬ್ಯಾಲರ್ಡ್ ಫಿಶ್ ಎಂಬ ಕನ್ಯೆಯೊಂದಿಗೆ ವಿವಾಹವೂ ನಿಶ್ಚಯವಾಯಿತು. ಅನಂತರ ಒಂದು ದಿನ ಕಾರಿನಲ್ಲಿ ಕೆಲಸಕ್ಕೆ ಹೋಗುತ್ತಿರುವಾಗ ಆತನಿಗೆ ಒಂದು ವಿಚಿತ್ರವಾದ ದಿಗಿಲು ಹುಟ್ಟಿತು. ಓದು ಮುಗಿಯಿತು, ಕೆಲಸ ಸಿಕ್ಕಿತು, ಮದುವೆಯೂ ಗೊತ್ತಾಯಿತು. ಇಪ್ಪತ್ತೈದನೆಯ ವರ್ಷದಲ್ಲಿಯೇ ಬಯಸಿದುದೆಲ್ಲ ಕೈಸೇರಿದ ಮೇಲೆ ಮುಂದಿನ ಆಯುಷ್ಯವೆಲ್ಲ ಯಾತಕ್ಕೆ? ನಮ್ಮಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆಯು ಪಿಂಚಣಿಯ ಕಾಲದಲ್ಲಿ ಬರುತ್ತದೆ. ಆತನು ಕೆಲವು ವಾರಗಳ ಕಾಲ ಇದನ್ನೇ ಆಲೋಚಿಸಿ, ಲೋಕದ ತೊಡಕುಗಳು ಮನುಷ್ಯನ ಶಕ್ತಿಗಿಂತ ವೇಗವಾಗಿ ಬೆಳೆಯುತ್ತಿವೆ, ಆ ತೊಡಕುಗಳನ್ನು ಜನರು ಒಟ್ಟುಗೂಡಿ ಬಿಡಿಸುವ ಬುದ್ಧಿಶಕ್ತಿಯನ್ನು ಹೆಚ್ಚಿಸುವುದೇ ತನ್ನ ಕೆಲಸ, ಎಂದು ನಿಶ್ಚಯಿಸಿಕೊಂಡನು. ಆಗ ರೇಡಾರಿನ ಪರದೆಯೂ ದ್ವೀಪದಲ್ಲಿ ಓದಿದ ಪ್ರಬಂಧವೂ ಒಟ್ಟಿಗೆ ನೆನಪಿಗೆ ಬಂದವು. ಯಂತ್ರವು ವಿಮಾನದ ಸುಳಿವನ್ನು ಪರದೆಯ ಮೇಲೆ ಬರೆಯಬಲ್ಲದಾದರೆ ಅಕ್ಷರಗಳನ್ನೂ ಚಿತ್ರಗಳನ್ನೂ ಯಾಕೆ ಬರೆಯಲಾರದು? ಮನುಷ್ಯನು ಅದರ ಎದುರಿಗೆ ಕುಳಿತು ತನ್ನ ವಿಚಾರಗಳನ್ನು ಕಣ್ಣಮುಂದೆಯೇ ಯಾಕೆ ತಿದ್ದಲಾರನು? ಗಣಕಯಂತ್ರಗಳು ಆಗ ಲೋಕದಲ್ಲಿ ಬೆರಳೆಣಿಕೆಯಷ್ಟಿದ್ದವು. ಈತನು ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ.

1951ರಲ್ಲಿ ವಿವಾಹವಾಯಿತು. ಅದೇ ವರ್ಷ ಕೆಲಸವನ್ನು ಬಿಟ್ಟು ಬರ್ಕ್ಲೀ ವಿಶ್ವವಿದ್ಯಾನಿಲಯವನ್ನು ಸೇರಿ, 1955ರಲ್ಲಿ ಡಾಕ್ಟರ್ ಪದವಿಯನ್ನು ಪಡೆದನು. ಅಲ್ಲಿ ಒಬ್ಬ ಸಹೋದ್ಯೋಗಿಯು, ಈ ಹುಚ್ಚು ಆಲೋಚನೆಗಳನ್ನೇ ಆಡುತ್ತಿದ್ದರೆ ಎಂದಿಗೂ ಬಡ್ತಿ ಸಿಗದೆಂದು ಬುದ್ಧಿ ಹೇಳಿದನು. 1957ರಲ್ಲಿ ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಸೇರುವಾಗಲೂ ಅಂಥ ಹಿತೋಪದೇಶವೇ ದೊರೆಯಿತು. ಈ ಸಲ ಅದನ್ನು ಪಾಲಿಸಿ, ಬೇರೆಯವರ ಕೆಲಸವನ್ನು ಕೆಲವು ವರ್ಷ ಮೌನವಾಗಿ ಮಾಡಿ, ತರುವಾಯ 1962ರಲ್ಲಿ ತನ್ನ ವಿಚಾರವನ್ನು ದೊಡ್ಡ ವರದಿಯ ರೂಪದಲ್ಲಿ ಬರೆದನು. ಉಪಕರಣವು ಮನುಷ್ಯನ ಯೋಚನೆಯನ್ನೇ ಮಾರ್ಪಡಿಸುತ್ತದೆಂದು ತೋರಿಸಲು ಆ ವರದಿಯಲ್ಲಿ ಒಂದು ಚಮತ್ಕಾರವಾದ ಪ್ರಯೋಗವಿದೆ. ಪೆನ್ಸಿಲಿಗೆ ಒಂದು ಇಟ್ಟಿಗೆಯನ್ನು ಕಟ್ಟಿ ಜನರಿಂದ ಬರೆಯಿಸಿದನು. ಬರವಣಿಗೆಯು ನಿಧಾನವಾಯಿತು, ಅಕ್ಷರಗಳು ವಕ್ರವಾದವು. ಲೋಕದ ಪೆನ್ಸಿಲುಗಳೆಲ್ಲ ಇಟ್ಟಿಗೆಯಷ್ಟು ಭಾರವಾಗಿದ್ದಿದ್ದರೆ ನಮ್ಮ ವಿದ್ಯೆಯ ಗತಿ ಏನಾಗುತ್ತಿತ್ತು? ಹಾಗಾದರೆ ಪೆನ್ಸಿಲಿಗಿಂತಲೂ ಹಗುರವಾದುದು ಸಿಕ್ಕಿದರೆ ಎಲ್ಲಿಯ ತನಕ ಹೋಗಬಹುದು? ಆತನ ವಾದವು ಇದೇ. ಈ ವರದಿಯಿಂದ ಸರಕಾರದ ಸಂಶೋಧನಾ ಇಲಾಖೆಗಳ ಹಣವು ದೊರೆತು, ಸ್ವಂತ ಪ್ರಯೋಗಶಾಲೆಯೂ ಏರ್ಪಟ್ಟಿತು.

ಪರದೆಯ ಮೇಲಿನ ಒಂದು ಶಬ್ದವನ್ನು ತೋರಿಸುವುದು ಹೇಗೆಂಬ ಪ್ರಶ್ನೆಯು ಅಲ್ಲಿ ಎದ್ದಿತು. ನಕ್ಷೆಯ ಮೇಲೆ ಚಕ್ರವನ್ನು ಉರುಳಿಸಿ ಕ್ಷೇತ್ರಫಲವನ್ನು ಅಳೆಯುವ ಒಂದು ಹಳೆಯ ಉಪಕರಣವು ಎಂಗೆಲ್ಬಾರ್ಟನ ನೆನಪಿನಲ್ಲಿತ್ತು. ಒಂದು ಸಭೆಯಲ್ಲಿ ಬೇಸರದಿಂದ ಕುಳಿತಿದ್ದಾಗ, ಒಂದಕ್ಕೊಂದು ಲಂಬವಾಗಿ ಎರಡು ಚಕ್ರಗಳನ್ನಿಟ್ಟರೆ ಒಂದು ಅಡ್ಡ ಚಲನೆಯನ್ನೂ ಇನ್ನೊಂದು ಉದ್ದ ಚಲನೆಯನ್ನೂ ಅಳೆಯುವುದೆಂದು ಹೊಳೆದು, ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಂಡನು. ಬಿಲ್ ಇಂಗ್ಲಿಷ್ ಎಂಬ ಸಹೋದ್ಯೋಗಿಯು 1964ರಲ್ಲಿ ಅದನ್ನು ಮಾಡಿ ಮುಗಿಸಿದನು. ಅಂಗೈಯೊಳಗೆ ಹಿಡಿಯುವ ಒಂದು ಮರದ ತುಂಡು, ಕೆಳಗೆ ಎರಡು ಲೋಹದ ಚಕ್ರಗಳು, ಮೇಲೆ ಒಂದೇ ಗುಂಡಿ, ಹಿಂದೆ ತಂತಿ. ಆ ತಂತಿಯನ್ನು ಬಾಲವೆಂದು ಕಂಡು ಯಾರೋ ಇಲಿಯೆಂದು ಕರೆದರು. ಯಾರು ಮೊದಲು ಕರೆದರೆಂಬುದನ್ನು ಆ ಪ್ರಯೋಗಶಾಲೆಯವರೇ ಮರೆತುಬಿಟ್ಟರು.

ಈ ಇಲಿಯನ್ನು ಇತರ ಉಪಕರಣಗಳೊಡನೆ ಪಂದ್ಯಕ್ಕೂ ಬಿಟ್ಟರು. ಪರದೆಗೆ ಮುಟ್ಟಿಸುವ ಬೆಳಕಿನ ಲೇಖನಿಯಿತ್ತು, ಹಿಡಿಕೆಯ ಕೋಲಿತ್ತು, ಮೇಜಿನ ಕೆಳಗೆ ಮೊಣಕಾಲಿನಿಂದ ಆಡಿಸುವ ಒಂದು ಸನ್ನೆಯೂ ಇತ್ತು. ಹೊಸಬರಿಗೆ ಬೆಳಕಿನ ಲೇಖನಿಯೂ ಮೊಣಕಾಲಿನ ಸನ್ನೆಯೂ ಬೇಗ ಒಗ್ಗಿದವು. ಆದರೆ ಅಭ್ಯಾಸವಾದವರ ಕೈಯಲ್ಲಿ ಮೌಸು ಎಲ್ಲಕ್ಕಿಂತ ಮುಂದಾಯಿತು, ತಪ್ಪುಗಳೂ ಕಡಿಮೆಯಾದವು. ವಾಚಕರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಆತನ ಮುಂದಿನ ಸುಖದುಃಖಗಳೆಲ್ಲ ಇದರಲ್ಲಿಯೇ ಅಡಗಿವೆ.

1968ನೆಯ ಇಸವಿ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಗಣಕಶಾಸ್ತ್ರಜ್ಞರ ಮಹಾಸಭೆಯು ಸೇರಿತ್ತು. ಸುಮಾರು ಸಾವಿರ ಮಂದಿಯ ಎದುರಿನಲ್ಲಿ ಎಂಗೆಲ್ಬಾರ್ಟನು ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಒಬ್ಬನೇ ಕುಳಿತನು. ಬಲಗೈಯಲ್ಲಿ ಮೌಸು, ಎಡಗೈಯ ಕೆಳಗೆ, ಹಾರ್ಮೋನಿಯಮ್ಮಿನ ಐದು ಮನೆಗಳಂತಿದ್ದ ಒಂದು ಕೀಲಿಫಲಕ. ಆ ಐದು ಕೀಲಿಗಳನ್ನು ಬೇರೆ ಬೇರೆ ರೀತಿಯಲ್ಲಿ ಒಟ್ಟಿಗೆ ಒತ್ತಿದರೆ 31 ಸಂಜ್ಞೆಗಳಾಗುವುವು. ಗಣಕಯಂತ್ರವಿದ್ದದ್ದು ಸುಮಾರು 30 ಮೈಲಿ ದೂರದ ಮೆನ್ಲೋ ಪಾರ್ಕಿನಲ್ಲಿ. ತೊಂಬತ್ತು ನಿಮಿಷಗಳ ಕಾಲ ಆತನು ಮಾಡಿ ತೋರಿಸಿದ್ದನ್ನು ಜನರು ಉಸಿರು ಬಿಗಿಹಿಡಿದು ನೋಡಿದರು. ಮನೆಗೆ ಕೊಳ್ಳಬೇಕಾದ ಸಾಮಾನುಗಳ ಪಟ್ಟಿಯನ್ನು ಬರೆದು, ಸಾಲುಗಳನ್ನು ಹಿಂದು ಮುಂದು ಮಾಡಿದನು. ಒಂದು ಶಬ್ದವನ್ನು ಒತ್ತಿ ಇನ್ನೊಂದು ಪತ್ರಕ್ಕೆ ಹಾರಿದನು. ಪರದೆಯನ್ನು ಭಾಗಗಳಾಗಿ ವಿಂಗಡಿಸಿ, ಒಂದರಲ್ಲಿ ಬರಹವನ್ನೂ ಇನ್ನೊಂದರಲ್ಲಿ ದೂರದ ಸಹೋದ್ಯೋಗಿಯ ಮುಖವನ್ನೂ ತೋರಿಸಿದನು. ಇಬ್ಬರೂ ಒಂದೇ ಬರಹವನ್ನು ಒಂದೇ ಹೊತ್ತಿನಲ್ಲಿ ತಿದ್ದಿದರು. ಗಣಕಯಂತ್ರವೆಂದರೆ ರಂಧ್ರ ಕೊರೆದ ಕಾಗದದ ಚೀಟಿಗಳ ಕಟ್ಟನ್ನು ಒಳಗೆ ಕೊಟ್ಟು ಮರುದಿನ ಉತ್ತರಕ್ಕೆ ಕಾಯುವುದೆಂದು ತಿಳಿದಿದ್ದ ಕಾಲದಲ್ಲಿ ಇದೆಲ್ಲ ನಡೆಯಿತೆಂಬುದನ್ನು ನೆನೆಯಬೇಕು. ಪ್ರದರ್ಶನವು ಮುಗಿದಾಗ ಸಭೆಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. 1970ನೆಯ ಇಸವಿ ನವೆಂಬರ್ 17ರಂದು ಮೌಸಿನ ಪೇಟೆಂಟು ಮಂಜೂರಾಯಿತು. ಆದರೆ ಅದರ ಹಕ್ಕು ಸಂಸ್ಥೆಗೆ ಸೇರಿತು. ನಿರ್ಮಾತೃವಿಗೆ ಅದರಿಂದ ರಾಜಧನವು ಒಂದು ಕಾಸೂ ಬರಲಿಲ್ಲ.

1969ರಲ್ಲಿ ದೂರದೂರದ ಗಣಕಯಂತ್ರಗಳನ್ನು ತಂತಿಯಿಂದ ಬೆಸೆಯುವ ಕೆಲಸವು ಆರಂಭವಾದಾಗ, ಎರಡನೆಯ ನೆಲೆಯಾದುದು ಆತನ ಪ್ರಯೋಗಶಾಲೆಯೇ. ಆ ಜಾಲದ ಮಾಹಿತಿ ಕೇಂದ್ರದ ಕೆಲಸಕ್ಕೆ ಆತನು ಎಲಿಜಬೆತ್ ಫೀನ್ಲರ್ ಎಂಬ ಮಹಿಳೆಯನ್ನು ಸೇರಿಸಿಕೊಂಡನು. ಈಕೆಯು ಮುಂದೆ ಬಹುಕಾಲ ಆ ಕೇಂದ್ರವನ್ನು ನಡೆಯಿಸಿದಳು. ನಾವು ಈಗ ಬಳಸುವ ವಿಳಾಸಗಳ ಕೊನೆಯಲ್ಲಿ ಬರುವ ಡಾಟ್ ಕಾಮ್ ಮೊದಲಾದ ಹೆಸರುಗಳ ಏರ್ಪಾಡು ಈಕೆಯ ಗುಂಪಿನವರ ಕಾಲದ್ದು. ನಮ್ಮ ಹುಡುಗಿಯರು ಈ ಹೆಸರನ್ನೂ ತಿಳಿದಿರಲಿ.

ಇಷ್ಟಾದ ಮೇಲೆ ಎಂಗೆಲ್ಬಾರ್ಟನ ಭಾಗ್ಯವು ಏರುವುದರ ಬದಲು ಇಳಿಯತೊಡಗಿತು. 1970ರಲ್ಲಿ ಜೆರಾಕ್ಸ್ ಕಂಪೆನಿಯವರು ಪಾಲೋ ಆಲ್ಟೋ ಪಟ್ಟಣದಲ್ಲಿ ಹೊಸ ಸಂಶೋಧನಾಲಯವನ್ನು ತೆರೆದರು. ಬಿಲ್ ಇಂಗ್ಲಿಷನೂ ಆತನ ಹಿಂದೆ ಇನ್ನು ಕೆಲವರೂ ಅಲ್ಲಿಗೆ ಹೋದರು. ಅಲ್ಲಿಯವರು 1973ರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಚಿಕ್ಕ ಯಂತ್ರವನ್ನು ಮಾಡಿದರು. ಮೇಜಿನ ಮೇಲೆ ಕಾಗದದ ಮೇಲೊಂದು ಕಾಗದವಿದ್ದಂತೆ ಕಿಟಕಿಯ ಮೇಲೆ ಕಿಟಕಿಯನ್ನು ಪರದೆಯಲ್ಲಿ ಹರಡಿದರು. ಆಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರ ಗುಂಪಿನ ಕೆಲಸವಿದು. 1979ರಲ್ಲಿ ಆಪಲ್ ಕಂಪೆನಿಯ ಸ್ಟೀವ್ ಜಾಬ್ಸನು ಇದನ್ನು ನೋಡಲು ಬಂದಾಗ, ಮನೆಯ ಒಡವೆಯನ್ನು ಹೊರಗಿನವರಿಗೆ ತೋರಿಸಬಾರದೆಂದು ಅಡೆಲ್ ಗೋಲ್ಡ್‌ಬರ್ಗಳು ಬಲವಾಗಿ ವಿರೋಧಿಸಿದಳು. ಮೇಲಿನವರ ಆಜ್ಞೆಯಾದ ಮೇಲೆಯೇ ತೋರಿಸಿದಳು. ಆಕೆಯ ಅಂದಾಜು ಸರಿಯಾಗಿತ್ತೆಂಬುದಕ್ಕೆ 1984ರ ಮೆಕಿಂಟಾಷ್ ಯಂತ್ರವೇ ಸಾಕ್ಷಿ. 1985ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ ಬಂತು. ಹೀಗೆ ಇಲಿಯೂ ಕಿಟಕಿಯೂ ಲೋಕದ ಮೇಜುಗಳನ್ನೇರಿದವು.

ಆದರೆ ಎಂಗೆಲ್ಬಾರ್ಟನಿಗೆ ಇದರಿಂದ ಪೂರ್ಣ ಸಂತೋಷವಾಗಲಿಲ್ಲ. ಹೊಸ ಯಂತ್ರಗಳು ಕಲಿಯಲು ಸುಲಭವಾದವು, ನಿಜ. ಆದರೆ ಆ ಸುಲಭವೇ ಅವುಗಳ ಮಿತಿಯಾಯಿತೆಂದು ಆತನು ಎಣಿಸಿದನು. ಮೂರು ಚಕ್ರದ ಸೈಕಲ್ಲನ್ನು ಮಗುವು ಹತ್ತಿದ ಕೂಡಲೇ ಓಡಿಸುವುದು, ಎರಡು ಚಕ್ರದ್ದನ್ನು ಬಿದ್ದು ಎದ್ದು ಕಲಿಯಬೇಕು; ದೂರದ ಊರಿಗೆ ಹೋಗಬೇಕಾದವನು ಯಾವುದನ್ನು ಆರಿಸಿಕೊಳ್ಳುವನು, ಎಂಬುದು ಆತನು ಕೊಡುತ್ತಿದ್ದ ದೃಷ್ಟಾಂತ. ಒಬ್ಬೊಬ್ಬರು ತಮ್ಮ ತಮ್ಮ ಕಿಟಕಿಗಳ ಮುಂದೆ ಒಂಟಿಯಾಗಿ ಕೂರುವುದು ಆತನ ಉದ್ದೇಶವೇ ಆಗಿರಲಿಲ್ಲ. ಬಹುಜನರು ಸೇರಿ ಯೋಚಿಸುವುದು ಆತನಿಗೆ ಬೇಕಾಗಿತ್ತು. ಈ ವಾದವನ್ನು ನಾವು ಸಂಪೂರ್ಣವಾಗಿ ಒಪ್ಪಲಾರೆವು. ಐದು ಕೀಲಿಗಳ 31 ಸಂಜ್ಞೆಗಳನ್ನು ಬಾಯಿಪಾಠ ಮಾಡಿದವರಿಗೆ ಮಾತ್ರ ಬಾಗಿಲು ತೆರೆಯುವುದಾಗಿದ್ದರೆ, ನಮ್ಮ ಊರಿನ ಎಷ್ಟು ಮಂದಿ ಗುಮಾಸ್ತರೂ ದಾದಿಯರೂ ಒಳಗೆ ಬರುತ್ತಿದ್ದರು? ಆದರೂ ಕಷ್ಟವಾದ ವಿದ್ಯೆಯನ್ನು ಕಷ್ಟವೆಂಬ ಒಂದೇ ಕಾರಣದಿಂದ ಬಿಡಬಾರದೆಂಬ ಆತನ ಹಟವನ್ನು ಶಾಲೆಯವರಾದ ನಾವು ಸುಲಭವಾಗಿ ತಳ್ಳಿಹಾಕಲೂ ಆರೆವು.

ಹಣವು ನಿಂತುಹೋಗಿ, 1977ರಲ್ಲಿ ಸಂಸ್ಥೆಯವರು ಆತನು ಕಟ್ಟಿದ ಏರ್ಪಾಡನ್ನು ಟೈಮ್‌ಶೇರ್ ಎಂಬ ಕಂಪೆನಿಗೆ ಮಾರಿದರು. ಮಾರಿದ ಸಾಮಾನಿನೊಡನೆ ಎಂಗೆಲ್ಬಾರ್ಟನೂ ಅಲ್ಲಿಗೆ ಹೋದನು. 1984ರಲ್ಲಿ ಆ ಕಂಪೆನಿಯನ್ನು ವಿಮಾನ ತಯಾರಿಸುವ ಮೆಕ್‌ಡಾನೆಲ್ ಡಗ್ಲಸ್ ಕಂಪೆನಿಯವರು ಕೊಂಡರು. ಹತ್ತಾರು ವರ್ಷ ಆತನ ಮಾತನ್ನು ಕೇಳುವವರು ಬಹು ಕಡಿಮೆ. 1988ರಲ್ಲಿ ಮಗಳಾದ ಕ್ರಿಸ್ಟೀನಳೊಂದಿಗೆ ಒಂದು ಚಿಕ್ಕ ಸಂಸ್ಥೆಯನ್ನು ಸ್ಥಾಪಿಸಿ, ಹಳೆಯ ವಿಚಾರವನ್ನೇ ಹೊಸಬರಿಗೆ ಉಪದೇಶಿಸುತ್ತ ಬಂದನು. ಮೌಸು ತಯಾರಿಸುವ ಲಾಜಿಟೆಕ್ ಕಂಪೆನಿಯವರು ಆ ಸಂಸ್ಥೆಗೆ ತಮ್ಮ ಕಟ್ಟಡದಲ್ಲಿಯೇ ಸ್ಥಳ ಕೊಟ್ಟರು.

ಮರ್ಯಾದೆಗಳು ತಡವಾಗಿ, ಎಲ್ಲವೂ ಒಟ್ಟಿಗೆ ಬಂದವು. 1997ರಲ್ಲಿ ಗಣಕಶಾಸ್ತ್ರದಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸಿದ ಟ್ಯೂರಿಂಗ್ ಪ್ರಶಸ್ತಿಯೂ, 5,00,000 ಡಾಲರುಗಳ ಲೆಮೆಲ್ಸನ್ ಬಹುಮಾನವೂ ದೊರೆತವು. ಅದೇ ವರ್ಷದಲ್ಲಿ, ನಾಲ್ವರು ಮಕ್ಕಳ ತಾಯಿಯಾಗಿ ಆತನ ಏಳುಬೀಳುಗಳನ್ನೆಲ್ಲ ಕಂಡಿದ್ದ ಪತ್ನಿಯು ತೀರಿಕೊಂಡಳು. 2000ದಲ್ಲಿ ಅಮೆರಿಕದ ಅಧ್ಯಕ್ಷನು ರಾಷ್ಟ್ರೀಯ ಪದಕವನ್ನಿತ್ತನು. 2008ರಲ್ಲಿ ಎಂಗೆಲ್ಬಾರ್ಟನು ಕ್ಯಾರೆನ್ ಓಲಿಯರಿ ಎಂಬ ಸ್ತ್ರೀಯನ್ನು ಮದುವೆಯಾದನು. ಆ ವರ್ಷದ ಡಿಸೆಂಬರಿನಲ್ಲಿ ಲಾಜಿಟೆಕ್ ಕಂಪೆನಿಯೊಂದೇ ನೂರು ಕೋಟಿಯ ಮೌಸನ್ನು ತಯಾರಿಸಿ ಮುಗಿಸಿದುದಾಗಿ ಪ್ರಕಟಿಸಿತು. ಅಷ್ಟರಲ್ಲಿ, ಜ್ಞಾಪಕಶಕ್ತಿಯನ್ನು ಹೆಚ್ಚಿಸುವ ಯಂತ್ರವನ್ನು ಆಯುಷ್ಯವೆಲ್ಲ ಧ್ಯಾನಿಸಿದ ಆ ಮನುಷ್ಯನಿಗೆ ಜ್ಞಾಪಕವನ್ನೇ ಕದಿಯುವ ವ್ಯಾಧಿಯು ಹತ್ತಿತ್ತು.

2013ನೆಯ ಇಸವಿ ಜುಲೈ 2ರಂದು, ಕ್ಯಾಲಿಫೋರ್ನಿಯದ ಅಥರ್ಟನ್ ಊರಿನ ತನ್ನ ಮನೆಯಲ್ಲಿ, ಮೂತ್ರಪಿಂಡಗಳು ಸೋತುದರಿಂದ ಡಗ್ಲಸ್ ಎಂಗೆಲ್ಬಾರ್ಟನು 88ನೆಯ ವಯಸ್ಸಿನಲ್ಲಿ ಮರಣ ಹೊಂದಿದನು. ಆತನು ಯೌವನದಲ್ಲಿ ಉದ್ಯೋಗಕ್ಕೆ ಸೇರಿದ್ದ ಏಮ್ಸ್ ಪ್ರಯೋಗಶಾಲೆಗೆ ಸಮೀಪವಾದ ಮೌಂಟನ್ ವ್ಯೂ ಪಟ್ಟಣದಲ್ಲಿ ಗಣಕಯಂತ್ರಗಳ ಒಂದು ವಸ್ತುಸಂಗ್ರಹಾಲಯವಿದೆ. ಎರಡು ಚಕ್ರಗಳ ಆ ಮರದ ತುಂಡಿನ ಮಾದರಿಯನ್ನು ಅಲ್ಲಿ ಗಾಜಿನ ಹಿಂದೆ ಇಟ್ಟಿದ್ದಾರೆ. ಎಡಗೈಯ ಐದು ಕೀಲಿಗಳ ಫಲಕವನ್ನಾದರೋ ಯಾವ ಕಂಪೆನಿಯೂ ಲೋಕದ ಮೇಜುಗಳ ಮೇಲೆ ತಂದಿಡಲಿಲ್ಲ.