ಥಾಮಸ್ ಯಂಗ್: ಹನಿಯ ಅಂಚನ್ನು ಅರಿತವರು

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ಮೇಲ್ಮೈ ಎಳೆತದ ಪಾಠ ಮಾಡಿದೆ. ವ್ಯಾಖ್ಯೆಯನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದೆ. ಮಕ್ಕಳು ಸುಮ್ಮನೆ ಬರೆದುಕೊಂಡರು, ಒಂದು ಪ್ರಶ್ನೆಯೂ ಬರಲಿಲ್ಲ. ಆ ಸಂಜೆ ಥಾಮಸ್ ಯಂಗ್ ಅವರ ಜೀವನ ಓದಿದೆ.

ಯಂಗ್ 1773ರ ಜೂನ್ 13ರಂದು ಇಂಗ್ಲೆಂಡಿನ ಮಿಲ್ವರ್ಟನ್‌ನಲ್ಲಿ ಹತ್ತು ಮಕ್ಕಳ ಕ್ವೇಕರ್ ಕುಟುಂಬದ ಹಿರಿಯ ಮಗನಾಗಿ ಹುಟ್ಟಿದರು. ಎರಡನೇ ವಯಸ್ಸಿಗೇ ಓದಲು ಕಲಿತರು. ವೃತ್ತಿಯಿಂದ ವೈದ್ಯರಾದರೂ ಬೆಳಕಿನ ವ್ಯತಿಕರಣವನ್ನು ತೋರಿಸಿದರು, ಈಜಿಪ್ಟಿನ ಪ್ರಾಚೀನ ಲಿಪಿಯನ್ನು ಓದಲು ಶ್ರಮಿಸಿದರು. ನಾವು ಓದುವ ಯಂಗ್ ಗುಣಾಂಕವೂ ಅವರ ಹೆಸರಿನದೇ.

1805ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಹನಿಯ ಅಂಚನ್ನು ಪರಿಶೀಲಿಸಿದರು. ಘನ, ದ್ರವ, ಗಾಳಿ ಮೂರೂ ಸೇರುವ ಅಂಚಿನಲ್ಲಿ ಮೂರು ಎಳೆತಗಳು ಸರಿತೂಗಿದಾಗ ಒಂದು ನಿರ್ದಿಷ್ಟ ಸಂಪರ್ಕ ಕೋನ ಉಂಟಾಗುತ್ತದೆ ಎಂಬುದು ಅವರ ತೀರ್ಮಾನ. ಶುಚಿಯಾದ ಗಾಜಿನ ಮೇಲೆ ನೀರು ಹರಡುವುದಕ್ಕೂ ಪಾದರಸ ಗುಂಡಾಗುವುದಕ್ಕೂ ಇದೇ ಕಾರಣ. ಆದರೆ ಇದನ್ನು ಅವರು ಸಮೀಕರಣವಿಲ್ಲದೆ ಬರೀ ಮಾತಿನಲ್ಲಿ ಬರೆದಿದ್ದರು, ಓದುಗರಿಗೆ ಕಷ್ಟವಾಯಿತು.

ತರಗತಿಯಲ್ಲೂ ಹಾಗೆಯೇ. 1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರಾದರು. ಅವರ ಉಪನ್ಯಾಸಗಳಲ್ಲಿ ವಿಷಯ ತುಂಬಿ ತುಳುಕುತ್ತಿತ್ತು, ಕೇಳುಗರು ಹಿಂದೆ ಬೀಳುತ್ತಿದ್ದರು. 1803ರಲ್ಲಿ ಆ ಹುದ್ದೆ ಬಿಟ್ಟರು. ಇದನ್ನು ಓದಿದಾಗ ನನ್ನ ಮೌನ ತರಗತಿ ಕಣ್ಣಮುಂದೆ ಬಂತು.

ಮರುದಿನ ಪ್ಲಾಸ್ಟಿಕ್ ಫೈಲಿನ ಮೇಲೆ ಇಂಕ್ ಫಿಲ್ಲರ್‌ನಿಂದ ಒಂದು ಹನಿ ಬಿಟ್ಟು ಮೆಲ್ಲನೆ ಓರೆ ಮಾಡಿದೆ. ಹನಿ ಜಾರಲಿಲ್ಲ; ಮುಂಭಾಗ ಉಬ್ಬಿತು, ಹಿಂಭಾಗ ತೆಳುವಾಯಿತು. ಇನ್ನಷ್ಟು ಓರೆ ಮಾಡಿದಾಗ ತಟ್ಟನೆ ಜಾರಿತು. ಕೋನ ಒಂದೇ ಅಂದಿರಿ, ಇಲ್ಲಿ ಎರಡಿವೆಯಲ್ಲ ಎಂದು ಹುಡುಗಿಯೊಬ್ಬಳು ಕೇಳಿದಳು.

ಯಂಗ್ ಹೇಳಿದ್ದು ನಯವಾದ, ಶುಚಿಯಾದ ಮೇಲ್ಮೈಯ ಮೇಲೆ ನಿಂತ ಹನಿಯ ಕೋನ. ನಿಜವಾದ ಮೇಲ್ಮೈಯಲ್ಲಿ ಒರಟು ಮತ್ತು ಕೊಳೆ ಹನಿಯ ಅಂಚನ್ನು ಹಿಡಿದಿಡುತ್ತವೆ. ಆದ್ದರಿಂದ ಮುಂದಿನ ಕೋನ ಹೆಚ್ಚುತ್ತದೆ, ಹಿಂದಿನದು ಕುಗ್ಗುತ್ತದೆ. ಆ ವ್ಯತ್ಯಾಸವೇ ಹನಿಯನ್ನು ತಡೆಯುತ್ತದೆ. ಇಳಿಜಾರಿನ ಗುಂಟ ತೂಕದ ಸೆಳೆತ ಈ ಹಿಡಿತವನ್ನು ಮೀರಿದಾಗ ಹನಿ ಜಾರುತ್ತದೆ. ದೊಡ್ಡ ಹನಿ ಬೇಗ ಜಾರುವುದನ್ನು ಮಕ್ಕಳೇ ಮಾಡಿ ನೋಡಿದರು.

ಯಂಗ್ 1829ರ ಮೇ 10ರಂದು ತೀರಿಕೊಂಡರು. ಅವರ ಜ್ಞಾನದ ಒಂದು ಹನಿಯೂ ನನ್ನಲ್ಲಿಲ್ಲ, ಅವರ ತಪ್ಪು ಮಾತ್ರ ಇತ್ತು. ಈಗ ನನ್ನ ಪಾಠಯೋಜನೆಯಲ್ಲಿ ಪ್ರಯೋಗ ಮೊದಲು ಬರುತ್ತದೆ, ವ್ಯಾಖ್ಯೆ ಕೊನೆಗೆ.