ಗುಬ್ಬಿಯ ತೋಟದಪ್ಪನವರು: ಓದಲು ಬಂದ ಮಕ್ಕಳಿಗೊಂದು ಮನೆ

ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮರುದಿನ ಪತ್ರಿಕೆಗಳ ಮೊದಲ ಪುಟದಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳ ಭಾವಚಿತ್ರಗಳಿರುತ್ತವೆ. ಒಳಪುಟದ ಯಾವುದೋ ಮೂಲೆಯಲ್ಲಿ ಇನ್ನೊಂದು ಸಣ್ಣ ಸುದ್ದಿ ಇರುತ್ತದೆ. ಅದನ್ನು ಓದಿ ನಿಟ್ಟುಸಿರುಬಿಟ್ಟು ಪುಟ ತಿರುಗಿಸುವುದು ನಮಗೆಲ್ಲ ಅಭ್ಯಾಸವಾಗಿಬಿಟ್ಟಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಗೆ ಬಲಿಯಾದರು. ಈ ಹಿನ್ನೆಲೆಯಲ್ಲಿ, ನೂರು ವರ್ಷಕ್ಕೂ ಹಿಂದೆ ತೀರಿಕೊಂಡ ತುಮಕೂರು ಜಿಲ್ಲೆಯ ಒಬ್ಬ ವ್ಯಾಪಾರಿಯನ್ನು ಇಲ್ಲಿ ಸ್ಮರಿಸಲು ಇಚ್ಛಿಸುತ್ತೇವೆ.

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ಗುಬ್ಬಿಯ ಒಂದು ಲಿಂಗಾಯತ ಕುಟುಂಬದಲ್ಲಿ. ಗುಬ್ಬಿ ಎಂದರೆ ಇಂದು ಹೆಚ್ಚಿನವರಿಗೆ ನಾಟಕದ ವೀರಣ್ಣನವರು ನೆನಪಾಗುತ್ತಾರೆ. ಆದರೆ ವೀರಣ್ಣನವರು ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲೇ ಹುಟ್ಟಿದವರು ತೋಟದಪ್ಪನವರು. ಕುಟುಂಬದೊಡನೆ ಬೆಂಗಳೂರಿಗೆ ಬಂದ ಅವರು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಆರಂಭಿಸಿದರು. ವ್ಯಾಪಾರ ಕೈಹಿಡಿಯಿತು, ಹಣವೂ ಬಂತು. ಮಕ್ಕಳು ಮಾತ್ರ ಆಗಲಿಲ್ಲ.

ಸಂತಾನವಿಲ್ಲದ ಶ್ರೀಮಂತರು ಆಸ್ತಿಯನ್ನು ದೇವಸ್ಥಾನಕ್ಕೋ ನೆಂಟರಿಗೋ ಬಿಡುವುದು ರೂಢಿ. ತೋಟದಪ್ಪನವರು ಅದನ್ನು ದಾರಿಹೋಕರಿಗೂ ವಿದ್ಯಾರ್ಥಿಗಳಿಗೂ ಬಿಟ್ಟರು. 1897ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಸಮೀಪ ರೈಲ್ವೆಯವರಿಂದ ಎರಡೂವರೆ ಎಕರೆ ಜಾಗ ಖರೀದಿಸಿ ಧರ್ಮಛತ್ರದ ಕೆಲಸಕ್ಕೆ ಕೈಹಾಕಿದರು. 1903ರ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಛತ್ರವನ್ನು ಉದ್ಘಾಟಿಸಿದರು. ಎರಡು ವರ್ಷಗಳ ನಂತರ, 1905ರಲ್ಲಿ, ವಿದ್ಯಾರ್ಥಿಗಳಿಗಾಗಿ ಉಚಿತ ವಸತಿನಿಲಯ ಪ್ರಾರಂಭವಾಯಿತು. ಆಗ ಅವರ ವಯಸ್ಸು ಅರವತ್ತೈದು ದಾಟಿತ್ತು.

ಆ ವಸತಿನಿಲಯದ ಬೆಲೆ ತಿಳಿಯಬೇಕಾದರೆ ಆ ಕಾಲದ ಹುಡುಗರ ಪಾಡನ್ನು ತಿಳಿಯಬೇಕು. ಗುಬ್ಬಿ, ಕುಣಿಗಲ್‌ನಂಥ ಊರುಗಳ ಹುಡುಗನಿಗೆ ಹೆಚ್ಚಿನ ಓದು ಬೇಕೆಂದರೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಿತ್ತು. ಬೆಂಗಳೂರಿನಲ್ಲಿ ಸೆಂಟ್ರಲ್ ಕಾಲೇಜು ಇತ್ತು. ಆದರೆ ತಂಗುವುದೆಲ್ಲಿ, ಉಣ್ಣುವುದೆಲ್ಲಿ? ಬಡ ಹುಡುಗರಲ್ಲಿ ಹಲವರು ವಾರಾನ್ನದ ಮೇಲೆ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಕೆಲವು ಮನೆಗಳಲ್ಲಿ ಪ್ರೀತಿ ಸಿಗುತ್ತಿತ್ತು, ಕೆಲವು ಮನೆಗಳಲ್ಲಿ ಅನ್ನದ ಜೊತೆಗೆ ಹಂಗಿನ ಮಾತೂ ಬೀಳುತ್ತಿತ್ತು. ಹದಿನಾಲ್ಕು, ಹದಿನೈದರ ಹುಡುಗ ಪರೀಕ್ಷೆಯಲ್ಲಿ ನಪಾಸಾದರೆ ಮರುದಿನದ ಊಟಕ್ಕೆ ಯಾವ ಮುಖ ಹೊತ್ತು ಹೋಗಬೇಕು? ಮಾಮೂಲ್‌ಪೇಟೆಯ ವ್ಯಾಪಾರಿ ಕಟ್ಟಿಸಿದ್ದು ಬರೀ ಗೋಡೆ, ಮಾಡು ಅಲ್ಲ. ತನ್ನದೇ ಊರಿನ ಕಡೆಯ ನಾಲ್ಕು ಮಂದಿ ಜೊತೆಗಾರರು, ಯಾರ ಹಂಗೂ ಇಲ್ಲದ ನೆಲೆ ಅಲ್ಲಿ ಸಿಗುವಂತಾಯಿತು.

ಇಲ್ಲೊಂದು ಕಾಕತಾಳೀಯವನ್ನು ಹೇಳಬೇಕೆನಿಸುತ್ತದೆ. ತೋಟದಪ್ಪನವರು ಜಾಗ ಕೊಂಡ ಅದೇ 1897ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ ಆತ್ಮಹತ್ಯೆಯ ಕುರಿತ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದರು. ಮನೆ, ಸಮುದಾಯ, ಧರ್ಮಸಭೆ ಮುಂತಾದ ಬಾಂಧವ್ಯಗಳು ಸಡಿಲವಾದಲ್ಲಿ ಆತ್ಮಹತ್ಯೆ ಹೆಚ್ಚುತ್ತದೆ ಎಂಬುದು ಅವರ ಪ್ರಮುಖ ವಾದಗಳಲ್ಲಿ ಒಂದು. ಅಂಕಿಅಂಶಗಳನ್ನು ಬಳಸಿದ ಅವರ ಕ್ರಮದ ಬಗ್ಗೆ ವಿದ್ವಾಂಸರು ಬಹಳ ತಕರಾರು ತೆಗೆದಿದ್ದಾರೆ. ಆದರೂ ಜೊತೆಗೆ ಜನರಿದ್ದಾರೆ ಎಂಬ ಭಾವನೆ ಹದಿಹರೆಯದವರಿಗೆ ದೊಡ್ಡ ರಕ್ಷಣೆ ಎಂಬುದನ್ನು ಮನೋವೈದ್ಯರು ಇಂದಿಗೂ ಒಪ್ಪುತ್ತಾರೆ. ಪರೀಕ್ಷೆಯೊಂದೇ ಯಾವ ಮಗುವಿನ ಸಾವಿಗೂ ಪೂರ್ಣ ಕಾರಣವಲ್ಲ. ಖಿನ್ನತೆ, ಮನೆಯ ಜಗಳ, ಅವಮಾನ, ಒಂಟಿತನ ಇವೆಲ್ಲ ಒಂದರ ಮೇಲೊಂದು ಬಿದ್ದಾಗ ಅಂಕಪಟ್ಟಿ ಕೊನೆಯ ನೆಪವಾಗುತ್ತದೆ.

ನಮ್ಮ ಬೋರ್ಡಿಂಗ್, ಹಾಸ್ಟೆಲುಗಳನ್ನು ನೋಡಿಕೊಳ್ಳುವವರಿಗೆ, ಕ್ರೈಸ್ತ ಶಿಕ್ಷಣ ನೀಡುವವರಿಗೆ, ವಾಳೆಯ ಗುರಿಕಾರರಿಗೆ ಇದು ಹೊಸ ವಿಷಯವೇನೂ ಅಲ್ಲ. ಆದರೆ ಮಗು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಗೆಳೆಯರಿಂದ ದೂರವಾದರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ತಾನಿಲ್ಲದಿದ್ದರೇ ಒಳ್ಳೆಯದೆಂದು ಆಡಿದರೆ, ಅದನ್ನು ವಯಸ್ಸಿನ ಚೇಷ್ಟೆ ಎಂದು ತಳ್ಳಿಹಾಕುವವರು ನಮ್ಮಲ್ಲಿ ಈಗಲೂ ಇದ್ದಾರೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆ ಎಂಬ ಭಯವೂ ಇದೆ. ಅದು ತಪ್ಪು. ಕೇಳುವುದರಿಂದ ಮಗುವಿನ ಭಾರ ಇಳಿಯುತ್ತದೆ. ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುವ ಅಗತ್ಯವೂ ಇಲ್ಲ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಭಾವಿಸುತ್ತದೆ. ಅವರಿಗೆ ಶಿಕ್ಷೆಯಲ್ಲ, ಆರೈಕೆ ಸಿಗಬೇಕೆನ್ನುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.

ತೋಟದಪ್ಪನವರ ವಿಷಯಕ್ಕೆ ಮರಳೋಣ. ಮೈಸೂರಿನ ಮಹಾರಾಜರು ಅವರಿಗೆ ಧರ್ಮಪ್ರವರ್ತ ಎಂಬ ಬಿರುದಿತ್ತರು. ಬ್ರಿಟಿಷ್ ಸರಕಾರ 1910ರಲ್ಲಿ ರಾವ್ ಬಹದ್ದೂರ್ ಪದವಿ ನೀಡಿತು. ಅದೇ ವರ್ಷ ಫೆಬ್ರವರಿ 21ರಂದು ಅವರು ತೀರಿಕೊಂಡರು. ಬಿರುದಿಗಿಂತ ದೊಡ್ಡದು, ನಮ್ಮ ಮಟ್ಟಿಗೆ, ಅವರು ಕೊನೆಗಾಲದಲ್ಲಿ ಮಾಡಿದ ಏರ್ಪಾಡು. ತಾವು ಕಟ್ಟಿದ್ದು ತಮ್ಮೊಂದಿಗೇ ಮುಗಿಯದಿರಲೆಂದು ಧರ್ಮಸಂಸ್ಥೆಯ ಹೊಣೆಯನ್ನು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಿಗೆ ವಹಿಸಿದರು. ಬೆಂಗಳೂರಿನ ಪುರಭವನಕ್ಕೆ ಹೆಸರಿರುವುದು ಇದೇ ಪುಟ್ಟಣ್ಣ ಚೆಟ್ಟಿಯವರದು. ಒಳ್ಳೆಯ ಮನಸ್ಸಿನವರು ಆರಂಭಿಸಿದ ಎಷ್ಟೋ ಕೆಲಸಗಳು ಅವರ ತಿಥಿಯೊಂದಿಗೇ ನಿಂತುಹೋಗುವುದನ್ನು ನಾವು ಕಂಡಿದ್ದೇವೆ. ಇದು ನಿಲ್ಲಲಿಲ್ಲ.

ಕರಾವಳಿಯಿಂದ ರಾತ್ರಿ ಬಸ್ಸು ಹತ್ತಿದ ನಮ್ಮ ಮಕ್ಕಳು ನಸುಕಿನಲ್ಲಿ ಕುಣಿಗಲ್ ದಾಟಿ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ. ಬ್ಯಾಗು ಹೆಗಲಿಗೇರಿಸಿ, ಕಾಲೇಜಿನ ಹಾಸ್ಟೆಲು ಯಾವ ದಿಕ್ಕಿಗೆ ಎಂದು ವಿಚಾರಿಸುತ್ತ ನಿಲ್ಲುತ್ತಾರೆ. ಅಲ್ಲೇ ಪಕ್ಕದಲ್ಲಿ ಹಾದುಹೋಗುವ ರಸ್ತೆಯ ಹೆಸರು ಗುಬ್ಬಿ ತೋಟದಪ್ಪ ರಸ್ತೆ.